ಸ್ಲೋ ಸ್ಕ್ರೂಗೆ ಕೈ ಹಾಕುವ ಮುನ್ನ

ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದ ಕೂಡಲೇ ಎಂಜಿನ್ ಆಫ್ ಆಗುವುದು, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದಿರುವುದು, ಗಾಡಿ ಬಿಸಿಯಾದ ಮೇಲೆ ಸ್ಲೋ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ನಿಲ್ಲದಿರುವುದು, ಹ್ಯಾಂಡಲ್ ಹೊರಳಿಸಿದರೆ ರೇಸ್ ತಾನಾಗಿಯೇ ಏರುವುದು. 100, 125 ಸಿಸಿಯ ಬೈಕ್ ಓಡಿಸುವವರಿಗೆ ಈ ನಾಲ್ಕು ದೂರುಗಳಲ್ಲಿ ಒಂದಾದರೂ ಪರಿಚಿತ. ನಾಲ್ಕಕ್ಕೂ ನಮ್ಮಲ್ಲಿ ಸಿಗುವ ಮೊದಲ ಚಿಕಿತ್ಸೆ ಮಾತ್ರ ಒಂದೇ: ಕಾರ್ಬುರೇಟರ್ ಪಕ್ಕದ ಸ್ಲೋ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಕಳಿಸುವುದು. ಎಂಜಿನ್ ಆಫ್ ಆಗುತ್ತಿದ್ದರೆ ಬಿಗಿ ಮಾಡುವುದು, ರೇಸ್ ಜಾಸ್ತಿಯಾದರೆ ಸಡಿಲ ಮಾಡುವುದು. ಅಷ್ಟಕ್ಕೆ ಗಾಡಿ ಸರಿಹೋದಂತೆ ಕಾಣುತ್ತದೆ. ವಾರ ಕಳೆಯುವುದರೊಳಗೆ ದೂರು ಮರಳುತ್ತದೆ, ಅಥವಾ ಪೆಟ್ರೋಲ್ ಖರ್ಚು ಏರುತ್ತದೆ. ಈ ಲೇಖನದ ವಾದ ನೇರವಾದದ್ದು. ಸ್ಲೋ ಸ್ಕ್ರೂ ತಪಾಸಣೆಯ ಕೊನೆಯ ಹೆಜ್ಜೆಯಾಗಬೇಕು. ಅದನ್ನು ಮೊದಲ ಹೆಜ್ಜೆಯಾಗಿಸಿದರೆ ರೋಗ ಉಳಿಯುತ್ತದೆ, ರೋಗದ ಗುರುತು ಮಾತ್ರ ಅಳಿಸಿಹೋಗುತ್ತದೆ. ದುಬಾರಿ ಸಲಕರಣೆಯಿಲ್ಲದೆ, ಮನೆಯಂಗಳದಲ್ಲೇ ಗಾಡಿಯ ಮಾಲೀಕರೇ ಮಾಡಬಹುದಾದ ಪರೀಕ್ಷೆಗಳ ಸರಿಯಾದ ಕ್ರಮವೊಂದಿದೆ. ಆ ಕ್ರಮ ಏಕೆ ಹಾಗಿರಬೇಕು ಎಂಬುದು ಅರ್ಥವಾದರೆ ಅದನ್ನು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ.

ದೋಷ ಸ್ಲೋದಲ್ಲೇ ಕಾಣುವುದೇಕೆ

ಎಂಜಿನ್ ಸ್ಲೋದಲ್ಲಿ ನಿಂತಿರುವಾಗ ಅದಕ್ಕೆ ಸಿಗುವ ಗಾಳಿ, ಪೆಟ್ರೋಲ್ ಎರಡೂ ಅತ್ಯಲ್ಪ. 100 ಸಿಸಿ ಬೈಕಿನ ಸ್ಲೋ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 1,300ರಿಂದ 1,500 ಸುತ್ತು. ಫೋರ್‌ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಕಿಡಿ ಹತ್ತಿ ಶಕ್ತಿ ಹುಟ್ಟುತ್ತದೆ. ಅಂದರೆ 1,400 ಸುತ್ತಿನಲ್ಲಿ ನಿಮಿಷಕ್ಕೆ 700 ಬಾರಿ, ಸೆಕೆಂಡಿಗೆ ಹತ್ತಿರ ಹತ್ತಿರ 12 ಬಾರಿ. ಆ ಹನ್ನೆರಡರಲ್ಲಿ ಎರಡು ಮೂರು ಸಲ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದಿದ್ದರೂ ಸಾಕು, ಎಂಜಿನ್ ತಡವರಿಸಿ ನಿಲ್ಲುತ್ತದೆ. ಅದೇ ದೋಷ 5,000 ಸುತ್ತಿನ ವೇಗದಲ್ಲಿದ್ದರೆ ಓಟದ ರಭಸದಲ್ಲಿ ಮುಚ್ಚಿಹೋಗುತ್ತದೆ. ಪ್ಲಗ್ ಸವೆದಿರಲಿ, ವಾಲ್ವ್ ಸರಿಯಾಗಿ ಕೂರದಿರಲಿ, ಎಲ್ಲೋ ಒಂದು ಕಡೆ ಗಾಳಿ ಸೋರುತ್ತಿರಲಿ, ಬ್ಯಾಟರಿ ಬಲ ಕಳೆದುಕೊಂಡಿರಲಿ, ಎಲ್ಲ ದೌರ್ಬಲ್ಯಗಳೂ ಮೊದಲು ತೋರಿಕೊಳ್ಳುವುದು ಸ್ಲೋದಲ್ಲೇ. ಹಾಗಾಗಿ ‘ಸ್ಲೋ ನಿಲ್ಲುತ್ತಿಲ್ಲ’ ಎಂಬ ದೂರಿಗೆ ಹತ್ತು ಕಾರಣಗಳಿರಬಹುದು. ಸ್ಕ್ರೂ ತಿರುಗಿಸುವುದು ಈ ಹತ್ತಕ್ಕೂ ಒಂದೇ ಉತ್ತರ ಕೊಟ್ಟಂತೆ. ಜ್ವರದ ಕಾರಣ ನೋಡದೆ ಮೈ ಬಿಸಿ ಇಳಿಸುವ ಮಾತ್ರೆಯನ್ನಷ್ಟೇ ನುಂಗಿಸಿದರೆ ಆಗುವುದು ಇಲ್ಲಿಯೂ ಆಗುತ್ತದೆ.

ಸ್ಲೋ ಏರಿಸಿ ಓಡಿಸಿದರೆ ನಷ್ಟವೇನು ಎಂದು ಕೇಳಬಹುದು. ನಿಂತಲ್ಲಿ ಪೆಟ್ರೋಲ್ ಹೆಚ್ಚು ಸುಡುತ್ತದೆ. ಮೊದಲ ಗೇರ್ ಹಾಕುವಾಗ ‘ಟಕ್’ ಎಂದು ಬಡಿಯುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಗಾಡಿಯನ್ನು ಹಿಡಿದು ನಿಧಾನಗೊಳಿಸಬೇಕಾದ ಗುಣ ಕಡಿಮೆಯಾಗುತ್ತದೆ. ಘಟ್ಟ ಇಳಿಯುವವರಿಗೆ ಇದು ಸುರಕ್ಷತೆಯ ಪ್ರಶ್ನೆ. ಸ್ಕೂಟರ್‌ಗಳಲ್ಲಿ, ನಮ್ಮ ಹಳ್ಳಿಗಳಲ್ಲಿ ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್‌ನಂಥ ಗಾಡಿಗಳಲ್ಲಿ ವೇಗಕ್ಕೆ ತಕ್ಕಂತೆ ತಾನಾಗಿ ಹಿಡಿಯುವ ಕ್ಲಚ್ ಇರುತ್ತದೆ. ಅಲ್ಲಿ ಸ್ಲೋ ಅತಿಯಾದರೆ ನಿಂತ ಗಾಡಿಯೇ ಮುಂದಕ್ಕೆ ಎಳೆಯುತ್ತದೆ. ಸ್ಲೋ ತೀರಾ ಇಳಿಸಿದರೂ ತೊಂದರೆಯೇ. ಆಯಿಲ್ ಪಂಪು ನಿಧಾನವಾಗುತ್ತದೆ, ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯುವುದರಿಂದ ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವ ಗಾಡಿಯ ಬ್ಯಾಟರಿಗೆ ಈ ಪೆಟ್ಟು ಇನ್ನೂ ಜೋರು.

ಮೊದಲು ಮೂರು ಪ್ರಶ್ನೆ

ಸ್ಪ್ಯಾನರ್ ಹಿಡಿಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ದೋಷ ಯಾವಾಗ ಬರುತ್ತದೆ, ಆಕ್ಸಿಲರೇಟರ್ ಎಷ್ಟು ತಿರುಗಿಸಿದಾಗ ಬರುತ್ತದೆ, ಏನು ಮಾಡಿದರೆ ಬದಲಾಗುತ್ತದೆ. ಮೊದಲನೆಯದನ್ನು ನೋಡೋಣ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಿರುವ ಮಿಶ್ರಣ ಬೇಕು, ಬಿಸಿ ಎಂಜಿನ್‌ಗೆ ಅಷ್ಟು ಬೇಡ. ಬೆಳಿಗ್ಗೆ ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಓಡಿದರೂ ಚೋಕ್ ಎಳೆದಿದ್ದರೆ ಮಾತ್ರ ಎಂಜಿನ್ ಆಫ್ ಆಗದೆ ಉಳಿಯುತ್ತದೆ ಎಂದಾದರೆ ಮಿಶ್ರಣದಲ್ಲಿ ಪೆಟ್ರೋಲ್ ಕೊರತೆಯಿದೆ ಎಂದರ್ಥ. ಸ್ಲೋದಲ್ಲಿ ಪೆಟ್ರೋಲ್ ಬಿಡುವ ಕಾರ್ಬುರೇಟರ್‌ನ ಸ್ಲೋ ಜೆಟ್ ಕಟ್ಟಿರಬಹುದು, ಗಾಳಿ ಸೋರುತ್ತಿರಬಹುದು, ಟ್ಯಾಂಕಿನಿಂದ ಪೆಟ್ರೋಲ್ ಸರಿಯಾಗಿ ಇಳಿಯದಿರಬಹುದು. ಇದಕ್ಕೆ ವಿರುದ್ಧವಾಗಿ, ಚೋಕ್ ಇಲ್ಲದೆಯೇ ತಣ್ಣಗೆ ಸಲೀಸಾಗಿ ಸ್ಟಾರ್ಟ್ ಆಗಿ, ಬಿಸಿಯಾದಂತೆ ತಡವರಿಸುತ್ತಾ ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಅತಿಯಾಗಿದೆ. ಚೋಕ್ ಪೂರ್ತಿ ಮರಳಿಲ್ಲವೇ, ಏರ್ ಫಿಲ್ಟರ್ ಧೂಳು ಕಟ್ಟಿದೆಯೇ, ಕಾರ್ಬುರೇಟರ್‌ನ ಫ್ಲೋಟ್ ವಾಲ್ವ್ ಪೆಟ್ರೋಲನ್ನು ತಡೆಯದೆ ತುಂಬಿಸುತ್ತಿದೆಯೇ ಎಂದು ನೋಡಬೇಕು. ಹೊಗೆ, ವಾಸನೆ ಯಾವುದೂ ಇಲ್ಲದೆ ಬಿಸಿಯಾದಾಗ ಮಾತ್ರ ಆಫ್ ಆಗುವ ಗಾಡಿಯಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಅಥವಾ ಇಗ್ನಿಷನ್ ಕಾಯಿಲ್ ಕಡೆ ಅನುಮಾನ ಹೋಗಬೇಕು.

ಎರಡನೆಯ ಪ್ರಶ್ನೆಗೆ ಒಂದು ತುಂಡು ಟೇಪು ಸಾಕು. ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ಗೆರೆ, ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಮಾಡಿಕೊಳ್ಳಿ. ಕಾರ್ಬುರೇಟರ್‌ನ ಒಂದೊಂದು ಭಾಗ ಒಂದೊಂದು ಹಂತದಲ್ಲಿ ಕೆಲಸ ಮಾಡುತ್ತದೆ. ಪೂರ್ತಿ ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗ ತೆರೆಯುವವರೆಗೆ ಸ್ಲೋ ಜೆಟ್ಟಿನದೇ ಆಡಳಿತ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ಅದು ಏರಿಳಿಯುವ ತೂತು, ಅಲ್ಲಿಂದಾಚೆ ಮೇನ್ ಜೆಟ್. ಸ್ಲೋ ನಿಲ್ಲದೆ, ಕಾಲುಭಾಗ ತಿರುಗಿಸಿದೊಡನೆ ಗಾಡಿ ಸೊಗಸಾಗಿ ಎಳೆದರೆ ಮೇನ್ ಜೆಟ್ ನಿರಪರಾಧಿ. ಸ್ಲೋ ಚೆನ್ನಾಗಿದ್ದು ಪೂರ್ತಿ ತಿರುಗಿಸಿದಾಗ ಮಾತ್ರ ಉಸಿರು ಕಟ್ಟಿದಂತಾದರೆ ಸ್ಲೋ ಸ್ಕ್ರೂ ಮುಟ್ಟುವ ಅಗತ್ಯವೇ ಇಲ್ಲ. ಟ್ಯಾಂಕಿನ ಪೆಟ್ರೋಲ್ ಹರಿವು, ಏರ್ ಫಿಲ್ಟರ್, ಮೇನ್ ಜೆಟ್ ನೋಡಬೇಕು. ರೇಸ್ ಏರುತ್ತದೆ, ವೇಗ ಏರುವುದಿಲ್ಲ ಎಂಬ ದೂರು ಈ ಪಟ್ಟಿಗೇ ಸೇರದು. ಅದು ಕ್ಲಚ್ ಪ್ಲೇಟು ಜಾರುತ್ತಿರುವ ಲಕ್ಷಣ. ಪಿಕಪ್ ಇಲ್ಲ ಎಂದು ಕಾರ್ಬುರೇಟರ್ ಬಿಚ್ಚುವ ಮುನ್ನ ಗಾಡಿಯನ್ನು ನಡುಸ್ಟ್ಯಾಂಡ್ ಹಾಕಿ ಹಿಂಚಕ್ರ ಕೈಯಿಂದ ತಿರುಗಿಸಿ ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್‌ನ ತಪ್ಪು ಏನೂ ಇರುವುದಿಲ್ಲ.

ಹೊರಗಿನಿಂದ ಒಳಕ್ಕೆ

ಮೂರನೆಯ ಪ್ರಶ್ನೆಗೆ, ಅಂದರೆ ಏನು ಮಾಡಿದರೆ ದೋಷ ಬದಲಾಗುತ್ತದೆ ಎಂಬುದಕ್ಕೆ, ಉತ್ತರ ಹುಡುಕುವಾಗ ಹೊರಗಿನಿಂದ ಒಳಕ್ಕೆ ಸಾಗಬೇಕು. ಮೊದಲು ಆಕ್ಸಿಲರೇಟರ್ ಕೇಬಲ್. ಎಂಜಿನ್ ಆಫ್ ಮಾಡಿ ಹಿಡಿಯನ್ನು ಪೂರ್ತಿ ತಿರುಗಿಸಿ ಬಿಡಿ. ‘ಟಕ್’ ಎಂದು ತಾನಾಗಿಯೇ ಮರಳಬೇಕು. ಹ್ಯಾಂಡಲ್ ಎಡಕ್ಕೆ ಪೂರ್ತಿ ಹೊರಳಿಸಿ ಒಮ್ಮೆ, ಬಲಕ್ಕೆ ಹೊರಳಿಸಿ ಒಮ್ಮೆ ಹೀಗೆಯೇ ನೋಡಿ. ಸೋಮಾರಿಯಾಗಿ ಮರಳಿದರೆ ಕೇಬಲ್ ಒಳಗೆ ತುಕ್ಕು, ಎಳೆ ಬಿಚ್ಚಿದ ತಂತಿ, ಅಥವಾ ಹಿಡಿಯೊಳಗೆ ಧೂಳು ಇದೆ. ಹಿಡಿ ಕೇಬಲನ್ನು ಎಳೆಯಲು ಆರಂಭಿಸುವ ಮೊದಲು ಸ್ವಲ್ಪ ಸಡಿಲ ಇರಬೇಕು. ಹೆಚ್ಚಿನ ಚಿಕ್ಕ ಬೈಕ್‌ಗಳ ಕೈಪಿಡಿ ಇದನ್ನು ಹಿಡಿಯ ಅಂಚಿನಲ್ಲಿ 2ರಿಂದ 6 ಮಿಲಿಮೀಟರ್ ಎನ್ನುತ್ತದೆ. ಸಡಿಲವೇ ಇಲ್ಲದಿದ್ದರೆ ಕೇಬಲ್ ಸದಾ ಬಿಗಿದು, ಕಾರ್ಬುರೇಟರ್ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡನ್ನು ಎತ್ತಿ ಹಿಡಿಯುತ್ತದೆ. ಆಗ ಸ್ಲೋ ಸ್ಕ್ರೂ ಎಷ್ಟು ಸಡಿಲಿಸಿದರೂ ರೇಸ್ ಇಳಿಯುವುದಿಲ್ಲ. ಎಂಜಿನ್ ಸ್ಲೋದಲ್ಲಿಟ್ಟು ಹ್ಯಾಂಡಲ್ ಆಚೀಚೆ ಹೊರಳಿಸಿದಾಗ ರೇಸ್ ಏರಿದರೆ ಕೇಬಲ್ ಹಾದುಹೋಗಿರುವ ದಾರಿಯೇ ತಪ್ಪು. ಟ್ಯಾಂಕ್ ಬಿಚ್ಚಿ ಜೋಡಿಸಿದ ನಂತರ, ಹ್ಯಾಂಡಲ್ ಬದಲಿಸಿದ ನಂತರ ಇದು ಸಾಮಾನ್ಯ. ಇದನ್ನು ನಾಳೆಗೆ ಮುಂದೂಡಬಾರದು. ತಿರುವಿನಲ್ಲಿ ತಾನಾಗಿ ರೇಸ್ ಏರುವ ಗಾಡಿ ಅಪಾಯಕಾರಿ. ಓಡಿಸುವಾಗಲೇ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಕ್ಲಚ್ ಹಿಡಿಯಿರಿ, ಕಿಲ್ ಸ್ವಿಚ್ ಇದ್ದರೆ ಅದನ್ನು, ಇಲ್ಲದಿದ್ದರೆ ಕೀಯನ್ನು ಆಫ್ ಮಾಡಿ. ಕೀಯನ್ನು ಹ್ಯಾಂಡಲ್ ಲಾಕ್ ಆಗುವವರೆಗೆ ಮಾತ್ರ ತಿರುಗಿಸಬೇಡಿ.

ಬಿಟ್ಟ ಮೇಲೂ ರೇಸ್ ನಿಧಾನವಾಗಿ ಇಳಿಯುವ ಗಾಡಿಯಲ್ಲಿ ಒಂದು ಸರಳ ಪರೀಕ್ಷೆ ಎರಡು ಕಾರಣಗಳನ್ನು ಬೇರ್ಪಡಿಸುತ್ತದೆ. ರೇಸ್ ಏರಿ ನಿಂತಿರುವಾಗ ಹಿಡಿಯನ್ನು ಕೈಯಿಂದ ಮುಚ್ಚುವ ದಿಕ್ಕಿಗೆ ಒತ್ತಿ. ರೇಸ್ ಇಳಿದರೆ ದೋಷ ಹಿಡಿಯಲ್ಲಿ ಅಥವಾ ಕೇಬಲ್‌ನಲ್ಲಿ. ಒತ್ತಿದರೂ ಇಳಿಯದಿದ್ದರೆ ಸ್ಲೈಡ್ ಒಳಗೆ ಸಿಕ್ಕಿಕೊಂಡಿದೆ, ಇಲ್ಲವೇ ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಗಾಳಿ ನುಗ್ಗುತ್ತಿದೆ. ಆಕ್ಸಿಲರೇಟರ್ ಮುಚ್ಚಿದಾಗ ಎಂಜಿನ್ ಒಳಗಿನ ಎಳೆತ ಅತಿ ಹೆಚ್ಚು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆ ಬಿರಿದಿದ್ದರೆ, ಅಲ್ಲಿನ ಓ ರಿಂಗ್ ಗಟ್ಟಿಯಾಗಿದ್ದರೆ ಆ ಸಂದಿಯಿಂದ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ತೆರೆದಾಗ ಎಳೆತ ಕಡಿಮೆಯಾಗುವುದರಿಂದ, ಹರಿಯುವ ಗಾಳಿಯೂ ಬಹಳವಾದ್ದರಿಂದ ಅದೇ ಸಂದಿ ಲೆಕ್ಕಕ್ಕೆ ಬರುವುದಿಲ್ಲ. ‘ಓಡುವಾಗ ಚೆನ್ನಾಗಿದೆ, ನಿಂತರೆ ತೊಂದರೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಎಂಜಿನ್ ಸ್ಲೋದಲ್ಲಿರುವಾಗ ಆ ಜೋಡಣೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಸಂದಿಯನ್ನು ಕ್ಷಣಕಾಲ ಮುಚ್ಚಿ ಎಂಜಿನ್ ಸದ್ದು ಬದಲಾದರೆ ಸೋರಿಕೆ ಸಿಕ್ಕಿದಂತೆ. ಇದಕ್ಕೆ ಪೆಟ್ರೋಲ್ ಅಥವಾ ಸ್ಪ್ರೇ ಬಳಸುವ ರೂಢಿಯೂ ಇದೆ. ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಇರುವುದರಿಂದ ಮನೆಯಲ್ಲಿ ಆ ಸಾಹಸ ಬೇಡ.

ಮುಂದಿನದು ಗಾಳಿ ಮತ್ತು ಪೆಟ್ರೋಲ್ ಬರುವ ದಾರಿ. ಏರ್ ಫಿಲ್ಟರ್ ಸ್ಪಂಜಿನದ್ದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್ ಸವರಿ ಹಿಂಡಿ ಹಾಕಬಹುದು. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ತೊಳೆಯುವಂತಿಲ್ಲ, ಗಾಳಿ ಊದುವಂತಿಲ್ಲ, ಬದಲಿಸಬೇಕು. ಸುಗ್ಗಿಯ ಕಾಲದ ಬಯಲುಸೀಮೆಯ ರಸ್ತೆಗಳಲ್ಲಿ ಓಡುವ ಗಾಡಿಗೆ ಕೈಪಿಡಿ ಹೇಳಿದ ಕಿಲೋಮೀಟರ್‌ಗಿಂತ ಮೊದಲೇ ಈ ಕೆಲಸ ಬೀಳುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ನಿಂತುಹೋಗಿ, ಐದು ನಿಮಿಷ ಬಿಟ್ಟರೆ ಮತ್ತೆ ಹೊರಡುವ ಗಾಡಿಯಾದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ‘ಸ್ಸ್’ ಎಂದು ಗಾಳಿ ಒಳಕ್ಕೆಳೆದ ಸದ್ದು ಬಂದು ಗಾಡಿ ಸರಿಯಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಟ್ಯಾಂಕಿನೊಳಕ್ಕೆ ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಗಾಡಿಯನ್ನು ನೀರಿನ ಪೈಪಿನಿಂದ ತೊಳೆದ ನಂತರ ಈ ರಂಧ್ರದಲ್ಲಿ ಮಣ್ಣು ಸೇರುವುದುಂಟು.

ಇದಾದ ಮೇಲೆ ಕಿಡಿ. ಪ್ಲಗ್‌ನ ತುದಿ ಎಂಜಿನ್ ಒಳಗಿನ ಸ್ಥಿತಿಯನ್ನು ಹೇಳುತ್ತದೆ. ಇಟ್ಟಿಗೆ ಪುಡಿಯಂಥ ತಿಳಿಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದದ್ದನ್ನೂ, ಎಣ್ಣೆಯಂಥ ಕಪ್ಪು ಜಿಡ್ಡು ಎಂಜಿನ್ ಆಯಿಲ್ ಒಳಗೆ ಸುಡುತ್ತಿರುವುದನ್ನೂ, ಸುಣ್ಣದಂಥ ಬಿಳುಪು ಮಿಶ್ರಣ ತೆಳುವಾದದ್ದನ್ನೂ ತೋರಿಸುತ್ತದೆ. ಆದರೆ ನಿಂತಲ್ಲೇ ಬಹಳ ಹೊತ್ತು ಓಡಿದ ಪ್ಲಗ್ ಹೇಗಿದ್ದರೂ ಕಪ್ಪಾಗುತ್ತದೆ. ಆದ್ದರಿಂದ ನಾಲ್ಕೈದು ಕಿಲೋಮೀಟರ್ ಓಡಿಸಿ, ಎಂಜಿನ್ ಆಫ್ ಮಾಡಿ, ತಣಿದ ಮೇಲೆ ಬಿಚ್ಚಿದರೆ ಮಾತ್ರ ಬಣ್ಣ ನಂಬಬಹುದು. ಪ್ಲಗ್‌ನ ಬೆಲೆ ಪೆಟ್ರೋಲ್ ಖರ್ಚಿನ ಮುಂದೆ ಏನೂ ಅಲ್ಲ. ಸವೆದದ್ದನ್ನು ಉಜ್ಜಿ ಉಜ್ಜಿ ಬಳಸುವುದು ಉಳಿತಾಯವಾಗದು. ಕೊನೆಗೆ ಟ್ಯಾಪೆಟ್. ಚಿಕ್ಕ ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ರಾಕರ್ ನಡುವಿನ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಹಲವು ಮಾದರಿಗಳಲ್ಲಿ ಅದಕ್ಕಿಂತ ಕಡಿಮೆ. ಅಂತರ ಹೆಚ್ಚಾದರೆ ‘ಟಿಕ್ ಟಿಕ್’ ಸದ್ದು ಬಂದು ಎಲ್ಲರಿಗೂ ಗೊತ್ತಾಗುತ್ತದೆ. ಅಂತರ ಮುಚ್ಚಿಹೋದರೆ ಎಂಜಿನ್ ಇನ್ನಷ್ಟು ನಿಶ್ಶಬ್ದವಾಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರದೆ ಒತ್ತಡ ಸೋರಿ ಸ್ಲೋ ನಿಲ್ಲದಾಗುತ್ತದೆ, ವಾಲ್ವ್ ಸುಡಲೂಬಹುದು. ಸದ್ದಿಲ್ಲದ ಟ್ಯಾಪೆಟ್ ಒಳ್ಳೆಯ ಟ್ಯಾಪೆಟ್ ಎಂಬ ನಂಬಿಕೆಯನ್ನು ಬಿಡಬೇಕು. ಈ ಅಂತರವನ್ನು ಫೀಲರ್ ಗೇಜ್‌ನಿಂದ, ಎಂಜಿನ್ ತಣ್ಣಗಿರುವಾಗಲೇ ಅಳೆಯಬೇಕು.

ಕಾರ್ಬುರೇಟರ್ ಸರದಿ

ಇಷ್ಟೆಲ್ಲ ಸುತ್ತಾಟ ಏಕೆ, ಬಹುಪಾಲು ಗಾಡಿಗಳಲ್ಲಿ ಕೊನೆಗೆ ಕೊಳೆ ಸಿಗುವುದು ಕಾರ್ಬುರೇಟರ್‌ನಲ್ಲೇ ಅಲ್ಲವೇ, ಅದನ್ನೇ ಮೊದಲು ಬಿಚ್ಚಬಾರದೇ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರ್‌ಗಿಂತ ಕಿರಿದು. ಎರಡು ತಿಂಗಳು ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಉಳಿದ ಅಂಟು ಅದನ್ನು ಮುಚ್ಚುವುದು ಸಹಜ. ಅಂಥ ಗಾಡಿಯಲ್ಲಿ ನೇರವಾಗಿ ಅಲ್ಲಿಗೇ ಹೋಗುವುದು ಸರಿ, ಏಕೆಂದರೆ ಗಾಡಿ ನಿಂತಿತ್ತು ಎಂಬುದೂ ಒಂದು ಸಾಕ್ಷ್ಯವೇ. ಆದರೆ ನಿತ್ಯ ಓಡುವ ಗಾಡಿಯಲ್ಲಿ ಹೊರಗಿನ ಪರೀಕ್ಷೆಗಳೆಲ್ಲ ಸೇರಿ ಅರ್ಧ ಗಂಟೆ ಹಿಡಿಯುತ್ತವೆ, ಬಹುಪಾಲಿಗೆ ಖರ್ಚಿಲ್ಲ, ಯಾವುದೂ ಕೆಡುವುದಿಲ್ಲ. ಕಾರ್ಬುರೇಟರ್ ಬಿಚ್ಚಿದರೆ ಹಾಗಲ್ಲ. ಮೆದುವಾದ ಹಿತ್ತಾಳೆಯ ಜೆಟ್ಟಿನ ತಲೆ ಕಿತ್ತುಹೋಗಬಹುದು, ತಂತಿ ತೂರಿಸಿ ಚುಚ್ಚಿದರೆ ತೂತಿನ ಅಳತೆಯೇ ಶಾಶ್ವತವಾಗಿ ಕೆಡಬಹುದು, ಹಳೆಯ ಓ ರಿಂಗ್ ಮರಳಿ ಕೂರದೆ ಹೊಸ ಸೋರಿಕೆ ಹುಟ್ಟಬಹುದು. ಕೆಟ್ಟಿರದ ಭಾಗವನ್ನು ಬಿಚ್ಚಿ ಕೆಡಿಸಿದ ಮೇಲೆ ಒಂದಿದ್ದ ದೋಷ ಎರಡಾಗುತ್ತದೆ, ಆಗ ಎರಡನ್ನೂ ಬೇರೆ ಬೇರೆ ಮಾಡಿ ಹಿಡಿಯುವುದು ನಿಜಕ್ಕೂ ಕಷ್ಟ.

ಬಿಚ್ಚುವ ಮೊದಲು ಇನ್ನೊಂದು ಹೆಜ್ಜೆ ಉಳಿದಿದೆ. ಕಾರ್ಬುರೇಟರ್ ತಳದ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಎಂಜಿನ್ ತಣ್ಣಗಿರುವಾಗ, ಒಳಗಿನ ಪೆಟ್ರೋಲನ್ನು ಗಾಜಿನ ಶೀಶೆಗೆ ಇಳಿಸಿ ನೋಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು, ಕೆಂಪು ಪುಡಿ ಇದ್ದರೆ ಟ್ಯಾಂಕಿನ ತುಕ್ಕು. ಹೊಸ ಪೆಟ್ರೋಲ್ ಇಳಿದೊಡನೆ ಗಾಡಿ ಸರಿಹೋದರೆ ಕಾರಣ ತಿಳಿದಂತಾಯಿತು, ಕಾರ್ಬುರೇಟರ್ ಬಿಚ್ಚದೆಯೇ. ಬಿಚ್ಚಲೇಬೇಕಾದರೆ ಜೆಟ್‌ಗಳನ್ನು ಕ್ಲೀನರ್‌ನಿಂದ ತೊಳೆದು ಗಾಳಿಯಿಂದ ಊದಬೇಕು, ಬೆಳಕಿಗೆ ಹಿಡಿದು ತೂತಿನ ಆಚೆ ಕಾಣುತ್ತದೆಯೇ ಎಂದು ನೋಡಬೇಕು. ಸ್ಲೋದಲ್ಲಿ ಗಾಳಿ, ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಶ್ರಣದ ಸ್ಕ್ರೂವನ್ನು ತೆಗೆಯುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದಿಟ್ಟುಕೊಳ್ಳಬೇಕು. ಬಿಗಿಯಾಗಿ ಒತ್ತಿದರೆ ಅದರ ಚೂಪು ತುದಿ ಮುರಿಯುತ್ತದೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಈ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದಷ್ಟೂ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದಷ್ಟೂ ಗಟ್ಟಿಯಾಗುತ್ತದೆ. ಎರಡರ ವ್ಯತ್ಯಾಸ ತಿಳಿಯದೆ ತಿರುಗಿಸಿದರೆ ಬೇಕಾದುದಕ್ಕೆ ತದ್ವಿರುದ್ಧ ಫಲ ಸಿಗುತ್ತದೆ.

ಸ್ಲೋ ಸ್ಕ್ರೂವಿನ ಸರದಿ ಬರುವುದು ಈಗ. ಹತ್ತು ನಿಮಿಷ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಲೋವನ್ನು ಕೈಪಿಡಿ ಹೇಳಿದ ವೇಗಕ್ಕೆ ತನ್ನಿ. ಮಿಶ್ರಣದ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಎಂಜಿನ್ ಅತಿ ಚುರುಕಾಗಿ, ಸಮವಾಗಿ ತಿರುಗುವ ಜಾಗ ಹುಡುಕಿ. ಆಗ ವೇಗ ಏರಿದ್ದರೆ ಸ್ಲೋ ಸ್ಕ್ರೂವಿನಿಂದ ಮತ್ತೆ ಇಳಿಸಿ. ಹಿಡಿಯನ್ನು ಥಟ್ಟನೆ ತಿರುಗಿಸಿ ಬಿಟ್ಟಾಗ ಎಂಜಿನ್ ತಡವರಿಸದೆ ಏರಿ, ನಿಲ್ಲದೆ ಇಳಿದು, ಮೊದಲಿನ ಸ್ಲೋಗೆ ಬಂದು ನಿಂತರೆ ಕೆಲಸ ಮುಗಿಯಿತು. ಮಿಶ್ರಣದ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಸದ್ದಿನಲ್ಲಿ ವ್ಯತ್ಯಾಸವೇ ಆಗದಿದ್ದರೆ ಸ್ಲೋ ಜೆಟ್ ದಾರಿ ಇನ್ನೂ ಕಟ್ಟಿದೆ ಎಂದು ತಿಳಿಯಿರಿ. ಕರಾವಳಿಯಲ್ಲಿ ಹೊಂದಿಸಿದ ಗಾಡಿಯನ್ನು ಮಡಿಕೇರಿಗೋ ಚಿಕ್ಕಮಗಳೂರಿಗೋ ಒಯ್ದು ಅಲ್ಲೇ ಬಳಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ 10ರ ಆಸುಪಾಸು ಕಡಿಮೆ. ಕಾರ್ಬುರೇಟರ್‌ಗೆ ಇದು ತಿಳಿಯದು. ಹಾಗಾಗಿ ಮಿಶ್ರಣ ತುಸು ಗಟ್ಟಿಯಾಗಿ ಸ್ಲೋ ಮಂಕಾಗುತ್ತದೆ. ಅದು ಕೆಟ್ಟದ್ದಲ್ಲ, ಊರಿಗೆ ತಕ್ಕಂತೆ ಹೊಂದಿಸಬೇಕಾದದ್ದು.

ಪೆಟ್ರೋಲ್ ಮೇಲಿನ ದೂರು

ಈಚೆಗೆ ಸ್ಲೋ ಸಂಬಂಧಿ ತೊಂದರೆಗಳಿಗೆಲ್ಲ ಎಥೆನಾಲ್ ಬೆರೆಸಿದ ಪೆಟ್ರೋಲನ್ನೇ ಹೊಣೆ ಮಾಡುವುದು ರೂಢಿಯಾಗಿದೆ. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲ್ ಮಾರಾಟಕ್ಕೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ದೂರಿನಲ್ಲಿ ಸತ್ಯವಿದೆ, ಆದರೆ ಅದಕ್ಕೂ ಎಲ್ಲೆಯಿದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ ಸುಮಾರು 9 ಪಾಲು ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕವಿದೆ. ಹಳೆಯ ಜೆಟ್ಟಿನಿಂದ ಹೊಸ ಪೆಟ್ರೋಲ್ ಹರಿದಾಗ ಮಿಶ್ರಣ ತುಸು ತೆಳುವಾಗುವುದು ಖಚಿತ. ಎಥೆನಾಲ್ ಹಳೆಯ ಟ್ಯಾಂಕಿನ ಅಂಟನ್ನು ಕರಗಿಸಿ ಜೆಟ್ಟಿನತ್ತ ತರುತ್ತದೆ, ಅದಕ್ಕೆಂದು ಮಾಡಿರದ ಹಳೆಯ ರಬ್ಬರನ್ನು ಉಬ್ಬಿಸುತ್ತದೆ ಅಥವಾ ಗಟ್ಟಿ ಮಾಡುತ್ತದೆ, ತೇವವನ್ನೂ ಹೀರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತ ಗಾಡಿಗೆ ಇದು ನಿಜವಾದ ಸಮಸ್ಯೆ. ಆದರೆ ಪೆಟ್ರೋಲೇ ಕಾರಣ ಎಂದು ಕೈಚೆಲ್ಲಿ ಕುಳಿತರೆ ಬಿರಿದ ರಬ್ಬರ್ ಕೊಳವೆ ಹಾಗೆಯೇ ಉಳಿಯುತ್ತದೆ. ಒಂದೇ ಬಂಕಿನಿಂದ ತುಂಬಿಸಿಕೊಂಡ ಇತರ ಗಾಡಿಗಳು ಸರಿಯಾಗಿ ಓಡುತ್ತಿದ್ದು ನಿಮ್ಮದೊಂದೇ ನಿಲ್ಲುತ್ತಿದ್ದರೆ, ಮೊದಲೇ ತೆಳುವಾಗಿದ್ದ ನಿಮ್ಮ ಗಾಡಿಯ ಮಿಶ್ರಣವನ್ನು ಹೊಸ ಪೆಟ್ರೋಲ್ ಬಯಲಿಗೆ ತಂದಿದೆ ಎಂದು ತಿಳಿಯುವುದೇ ಸರಿ. ತಿಂಗಳಿಗಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಬಟ್ಟಲು ಖಾಲಿ ಮಾಡಿಡುವುದು ಒಳ್ಳೆಯದು. ಇಂಧನದ ಪೈಪ್, ಓ ರಿಂಗ್‌ಗಳನ್ನು ಬದಲಿಸುವಾಗ ಎಥೆನಾಲ್ ತಾಳುವಂಥವನ್ನೇ ಕೇಳಿ ಹಾಕಿಸಿ.

ಇಂಜೆಕ್ಷನ್ ಗಾಡಿಯಾದರೆ

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳು ಬಹುತೇಕ ಫ್ಯೂಯೆಲ್ ಇಂಜೆಕ್ಷನ್‌ಗೆ ಬದಲಾದವು. ಇವುಗಳಲ್ಲಿ ಎಲ್ಲವೂ ಕಂಪ್ಯೂಟರ್ ಕೈಯಲ್ಲಿದೆ, ಮಾಲೀಕರು ಮಾಡುವಂಥದ್ದೇನೂ ಇಲ್ಲ ಎಂಬ ಮಾತು ಎರಡನೆಯ ಆಕ್ಷೇಪ. ವಾಸ್ತವ ಹಾಗಿಲ್ಲ. ಕ್ರಮ ಅದೇ, ಪರೀಕ್ಷಿಸುವ ಭಾಗಗಳು ಮಾತ್ರ ಕೆಲವು ಬೇರೆ. ಕೇಬಲ್, ರಬ್ಬರ್ ಕೊಳವೆ, ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ ಇಲ್ಲಿಯೂ ಇವೆ, ಅವೇ ತೊಂದರೆಗಳನ್ನು ಕೊಡುತ್ತವೆ. ಇವುಗಳ ಜೊತೆಗೆ ಮೊದಲು ನೋಡಬೇಕಾದದ್ದು ಬ್ಯಾಟರಿ. ಪಂಪು, ಇಂಜೆಕ್ಟರ್, ಸೆನ್ಸರ್ ಎಲ್ಲವೂ ಅದನ್ನೇ ನಂಬಿವೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕಿಂತ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು. ಕೀ ತಿರುಗಿಸಿದಾಗ ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡ್ ‘ಝುಂ’ ಎನ್ನುತ್ತದೆಯೇ ಎಂದು ಕಿವಿಗೊಡಿ. ಮೌನವಾಗಿದ್ದರೆ ಫ್ಯೂಸ್, ರಿಲೇ, ಪಂಪು ಈ ಕ್ರಮದಲ್ಲಿ ನೋಡಬೇಕು. ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೂ ಆರದಿದ್ದರೆ ಅಥವಾ ಮಿನುಗುತ್ತಿದ್ದರೆ ಗಮನಿಸಿ. ಅನೇಕ ಮಾದರಿಗಳಲ್ಲಿ ಉದ್ದ, ಗಿಡ್ಡ ಮಿನುಗುಗಳ ಎಣಿಕೆಯೇ ದೋಷದ ಸಂಕೇತ. ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಸರ್ವಿಸ್ ಕೇಂದ್ರದಲ್ಲಿ ಅರ್ಧ ಕೆಲಸ ಮುಗಿದಂತೆ.

ಇಂಜೆಕ್ಷನ್ ಗಾಡಿಯಲ್ಲಿ ದೀಪ ಹೊತ್ತದೆಯೂ ಸ್ಲೋ ಕೆಡುವ ಸಾಮಾನ್ಯ ಕಾರಣ, ಗಾಳಿಯನ್ನು ಒಳಬಿಡುವ ಥ್ರಾಟಲ್ ಬಾಡಿಯ ಬಾಗಿಲಂಚಿಗೆ ಕಟ್ಟುವ ಕಾರ್ಬನ್. ಗಾಳಿ ನುಸುಳುವ ಕಿರಿದಾದ ಅಂಚು ಮುಚ್ಚಿಕೊಂಡಂತೆ ಸ್ಲೋ ಇಳಿಯುತ್ತದೆ. ಆ ಅಂಚನ್ನು ಕ್ಲೀನರ್ ಮತ್ತು ಮೃದು ಬಟ್ಟೆಯಿಂದ ಒರೆಸಬೇಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬಾರದು. ಬಣ್ಣ ಬಳಿದು ಮುದ್ರೆ ಹಾಕಿದ ಸ್ಕ್ರೂಗಳು ಅಲ್ಲಿದ್ದರೆ ಮುಟ್ಟಲೇಬಾರದು. ಅವು ಕಾರ್ಖಾನೆಯಲ್ಲಿ ಸೆನ್ಸರ್ ಜೊತೆಗೆ ಹೊಂದಿಸಿದವು. ಸದಾ ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸವನ್ನೂ ಬಿಡಬೇಕು. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದನ್ನು ಸುತ್ತುವರಿದ ಪೆಟ್ರೋಲ್.

ಮೆಕ್ಯಾನಿಕ್‌ನ ಕಿವಿ, ಮಾಲೀಕರ ಟಿಪ್ಪಣಿ

ಕೊನೆಯ ಆಕ್ಷೇಪ ಅನುಭವದ ಹೆಸರಿನಲ್ಲಿ ಬರುತ್ತದೆ. ನುರಿತ ಮೆಕ್ಯಾನಿಕ್ ಸದ್ದು ಕೇಳಿಯೇ ದೋಷ ಹೇಳುತ್ತಾರೆ, ಅವರಿಗೆ ಈ ಪಟ್ಟಿ ಬೇಕೇ? ನುರಿತವರ ಕಿವಿಯನ್ನು ಗೌರವಿಸಲೇಬೇಕು. ಅವರು ಈ ಕ್ರಮವನ್ನು ಬಿಟ್ಟಿಲ್ಲ, ಎಷ್ಟೋ ಸಲ ಮಾಡಿ ಮಾಡಿ ಅದನ್ನು ಕ್ಷಣದಲ್ಲಿ ಮುಗಿಸುವಷ್ಟು ಪಳಗಿದ್ದಾರೆ. ಹ್ಯಾಂಡಲ್ ಹೊರಳಿಸಿ, ಹಿಡಿ ಬಿಟ್ಟು ನೋಡಿ, ಪ್ಲಗ್ ಬಿಚ್ಚಿ ನೋಡುವುದು ಅವರ ಕೈಗೆ ಉಸಿರಾಟದಷ್ಟು ಸಹಜ. ತೊಂದರೆ ಇರುವುದು ಗಿಜಿಗುಡುವ ಗ್ಯಾರೇಜಿನಲ್ಲಿ ‘ಸ್ಲೋ ಸ್ವಲ್ಪ ಏರಿಸಿ ಕೊಡಿ’ ಎಂದು ನಾವೇ ಚಿಕಿತ್ಸೆ ಹೇಳಿ ನಿಲ್ಲುವುದರಲ್ಲಿ. ಆಗ ಅವರು ನಾವು ಕೇಳಿದ್ದನ್ನು ಮಾಡಿಕೊಡುತ್ತಾರೆ. ಗಾಡಿ ಬಿಸಿಯಾದಾಗ ಮಾತ್ರ ನಿಲ್ಲುತ್ತದೆಯೋ, ಚೋಕ್ ಎಳೆದರೆ ಸರಿಯಾಗುತ್ತದೆಯೋ, ಕಳೆದ ತಿಂಗಳು ಏನೇನು ಬದಲಿಸಲಾಯಿತು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅದನ್ನು ಬಲ್ಲವರು ದಿನವೂ ಓಡಿಸುವ ನಾವು ಮಾತ್ರ. ಕೇವಲ ಐದು ನಿಮಿಷ ನಿಂತ ಗಾಡಿ ನೋಡಿ ಯಾವ ಕಿವಿಯೂ ಆ ಸಂಗತಿಗಳನ್ನು ಊಹಿಸಲಾರದು.

ಹಾಗಾಗಿ ಓದುಗರಲ್ಲಿ ವಿನಂತಿ ಇಷ್ಟೇ. ಮುಂದಿನ ಸಲ ಸ್ಲೋ ಕೆಟ್ಟಾಗ ಸ್ಕ್ರೂಡ್ರೈವರ್ ಹುಡುಕುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಕೇಬಲ್, ಗಾಳಿ ಸೋರಿಕೆ, ಏರ್ ಫಿಲ್ಟರ್, ಪೆಟ್ರೋಲ್ ಹರಿವು, ಪ್ಲಗ್, ಟ್ಯಾಪೆಟ್ ಈ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಓಡಿಸಿ ನೋಡಿ, ಫಲಿತಾಂಶ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲಕ್ಕೆ ಪಾಠ ಉಳಿಯುವುದಿಲ್ಲ. ಕೈಲಾಗದ ಕೆಲಸವನ್ನು ಮೆಕ್ಯಾನಿಕ್‌ಗೆ ಒಪ್ಪಿಸಿ, ಆದರೆ ಆ ಟಿಪ್ಪಣಿಯನ್ನೂ ಜೊತೆಗೆ ಕೊಡಿ.